ಅಜ್ಜಿಯ 96 ವರ್ಷದ ಬದುಕನ್ನು 48 ಪುಟದ ಪುಸ್ತಕ ಮಾಡಬೇಕು, ವರ್ಷದ ತಿಥಿಗೆ ನಾಲ್ಕು ತಿಂಗಳಿದೆ

ಶಿರಾ ಸೀಮೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿರಿಯ ಜೀವ, ಅಪ್ಪನ ತಾಯಿ, 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ 61 ಜನರ ಸಂಸಾರ. ವರ್ಷದ ತಿಥಿಗೆ ಬಂದವರ ಕೈಗೆ ಒಂದು ಪುಸ್ತಕ ಕೊಡಬೇಕು ಅಂತ ಎಲ್ಲರ ಆಸೆ. ‘ಮಮತಾಮಯಿ, ತ್ಯಾಗಮೂರ್ತಿ’ ಅಂತ ನಾಲ್ಕು ಸಾಲು ಬರೆದು ಉಳಿದದ್ದಕ್ಕೆಲ್ಲ ಫೋಟೋ ತುಂಬಿಸುವ ಪುಸ್ತಕ ಬೇಡ. ಅವರು ಯಾವ ವರ್ಷ ಎಲ್ಲಿದ್ದರು, ಏನು ಬೆಳೆದರು, ಏನು ಬೇಯಿಸಿದರು, ಏನು ಹಾಡಿದರು, ಅದೆಲ್ಲ ಇರಬೇಕು.

ಕೈಲಿರುವುದು ಇಷ್ಟು: ಅರ್ಧ ಹರಿದ ಲಗ್ನಪತ್ರಿಕೆ (ತಾರಣ ಸಂವತ್ಸರ ಅಂತ ಮಾತ್ರ ಓದಲು ಬರುತ್ತದೆ), ಸುಮಾರು 40 ಫೋಟೋ, ಹಾಡು ತುಂಬಿದ ಮೂರು ಕ್ಯಾಸೆಟ್, ಒಂದು ಟ್ರಂಕು ಹಿತ್ತಾಳೆ ಪಾತ್ರೆ. ಆಧಾರ್ ಕಾರ್ಡಿನಲ್ಲಿ 01-01-1934. ಮನೆಯವರೆಲ್ಲ 96 ಅಂತಾರೆ, ಕಾರ್ಡಿನ ಲೆಕ್ಕಕ್ಕೆ 91. ತವರು ಗೌರಿಬಿದನೂರು ತಾಲ್ಲೂಕು, ಕೊಟ್ಟಿದ್ದು ಶಿರಾ ತಾಲ್ಲೂಕಿಗೆ. ಎಲ್ಲಿಂದ ಶುರು ಮಾಡಲಿ?

ಹಳೇ ಕಡತ:
ವಯಸ್ಸಿನಿಂದಲೇ ಶುರು ಮಾಡಿ. ಅದು ಗಟ್ಟಿಯಾದರೆ ಉಳಿದ ಘಟನೆಗಳು ತಾವಾಗಿ ಸಾಲಿಗೆ ಬರುತ್ತವೆ.

ಮೊದಲು ಆಧಾರ್ ಪಕ್ಕಕ್ಕಿಡಿ. ಜನವರಿ 1 ಅಂತ ಇದ್ದರೆ ಹೆಚ್ಚಿನಂಶ ಹುಟ್ಟಿದ ದಿನ ಗೊತ್ತಿಲ್ಲದೆ ವರ್ಷವನ್ನು ಮಾತ್ರ ಅಂದಾಜಿನಲ್ಲಿ ಹಾಕಿದ್ದಾರೆ ಅಂತಲೇ ಅರ್ಥ. ಮತದಾರರ ಪಟ್ಟಿಯ ವಯಸ್ಸೂ ಹಾಗೇ. ವಿಭಾಗಪತ್ರ, ಕ್ರಯಪತ್ರಗಳಲ್ಲಿ ‘ಸುಮಾರು 45 ವರ್ಷ’ ಅಂತ ಬರೆಯುತ್ತಿದ್ದರಲ್ಲ, ಬರೆದವರು ಆ ‘ಸುಮಾರು’ ಅನ್ನುವ ಮಾತನ್ನು ಸುಮ್ಮನೆ ಹಾಕಿರಲಿಲ್ಲ.

ನಿಮ್ಮ ಹತ್ತಿರ ಇರುವ ಗಟ್ಟಿ ಸಾಕ್ಷಿ ಲಗ್ನಪತ್ರಿಕೆ. ತಾರಣ ಅಂದರೆ 1944ರ ಯುಗಾದಿಯಿಂದ 1945ರ ಯುಗಾದಿವರೆಗೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ 2004ರಲ್ಲೂ ತಾರಣ ಬಂದಿತ್ತು, 1884ರಲ್ಲೂ ಇತ್ತು. ನಿಮ್ಮ ವಿಷಯದಲ್ಲಿ ಆ ಗೊಂದಲ ಇಲ್ಲ. ಆದರೆ ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಪುಷ್ಯದ ಕೊನೆ, ಮಾಘ, ಫಾಲ್ಗುಣ ಅಂತಿದ್ದರೆ ಇಂಗ್ಲಿಷ್ ವರ್ಷ ಬದಲಾಗಿಬಿಟ್ಟಿರುತ್ತದೆ. ತಾರಣ ಮಾಘ ಅಂದರೆ 1945, ತಾರಣ ವೈಶಾಖ ಅಂದರೆ 1944. ಹರಿದ ಪತ್ರಿಕೆಯಲ್ಲಿ ತಿಂಗಳ ಮೊದಲ ಅಕ್ಷರವಾದರೂ ಸಿಗುತ್ತದಾ, ವಾರ ಸಿಗುತ್ತದಾ ನೋಡಿ. ತಿಥಿ, ವಾರ ಎರಡೂ ಸಿಕ್ಕರೆ ಹಳೇ ಪಂಚಾಂಗದ ಜೊತೆ ತಾಳೆ ನೋಡಬಹುದು. ಎರಡೂ ಹೊಂದದಿದ್ದರೆ ಓದುವಾಗ ಎಲ್ಲೋ ತಪ್ಪಿದ್ದೀರಿ ಅಂತ ತಿಳಿಯಿರಿ.

ಆಮೇಲೆ ಅವರು ಆಗಾಗ ಹೇಳುತ್ತಿದ್ದ ಮಾತುಗಳನ್ನು ಮನೆಯವರೆಲ್ಲರಿಂದ ಬರೆಸಿಕೊಳ್ಳಿ. ‘ಗಾಂಧಿ ಸತ್ತಾಗ’, ‘ರೇಷನ್ ಬಂದಾಗ’, ‘ಅಣೆ ಹೋಗಿ ಪೈಸೆ ಬಂದಾಗ’, ಇಂಥವು. ಅವಕ್ಕೆ ದಿನಾಂಕ ಇದೆ. ನಿಮ್ಮ ಕಡೆಗೆ ಒಪ್ಪುವ ಕೆಲವು: ಗಾಂಧೀಜಿ ನಂದಿಬೆಟ್ಟದಲ್ಲಿ ತಂಗಿದ್ದು 1927 ಮತ್ತು 1936. ವಿದುರಾಶ್ವತ್ಥದ ಗೋಲಿಬಾರು 1938ರ ಏಪ್ರಿಲ್ 25. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದು 1940ರ ಆಗಸ್ಟ್ 3. ಗಾಂಧೀಜಿ ಹತ್ಯೆ 1948ರ ಜನವರಿ 30. ನಯಾಪೈಸೆ ಬಂದಿದ್ದು 1957ರ ಏಪ್ರಿಲ್ 1. ಹಗಲು ಕತ್ತಲಾಯಿತೆಂದು ಬಾಗಿಲು ಹಾಕಿಕೊಂಡು ಕೂತ ದೊಡ್ಡ ಗ್ರಹಣ 1980ರ ಫೆಬ್ರುವರಿ 16. ‘ಬಾಲದ ಚುಕ್ಕಿ’ ಕಂಡಿದ್ದನ್ನು ಹೇಳಿದ್ದರೆ ಮಾತ್ರ ಹುಷಾರು. 1965ರಲ್ಲೂ 1970ರಲ್ಲೂ ಬೆಳಗಿನ ಜಾವ ಬರಿಗಣ್ಣಿಗೆ ಕಾಣುವ ಧೂಮಕೇತು ಬಂದಿತ್ತು, ಯಾವುದೆಂದು ಬೇರೆ ಗುರುತಿನಿಂದ ತೀರ್ಮಾನಿಸಬೇಕು.

ಅಜ್ಜಿ ಮದುವೆ ಹೊತ್ತಿಗೆ ತನಗೆ ಎಷ್ಟು ವಯಸ್ಸು ಅನ್ನುತ್ತಿದ್ದರು? ದೊಡ್ಡ ಮಗ ಯಾವಾಗ ಹುಟ್ಟಿದ್ದು?

ಶಿರಾ ಸೀಮೆ:
ಮದುವೆಗೆ ಹದಿನಾರು ಅಂತ ಹೇಳುತ್ತಿದ್ದರು. ‘ಗಾಂಧಿ ಸತ್ತ ಸುದ್ದಿ ಬಂದಾಗ ನಿಮ್ಮ ದೊಡ್ಡಪ್ಪ ಅಂಬೆಗಾಲು ಇಕ್ತಿದ್ದ’ ಅನ್ನೋದು ಮನೇಲಿ ಎಲ್ಲರಿಗೂ ಬಾಯಿಪಾಠ. ದೊಡ್ಡಪ್ಪನ ಶಾಲೆ ದಾಖಲೆಯಲ್ಲಿ 1945 ಇದೆ.

ಹಳೇ ಕಡತ:
ಹಾಗಿದ್ದರೆ ಲೆಕ್ಕ ಸಲೀಸು. ಕೂಸು ಅಂಬೆಗಾಲಿಡುವುದು ಎಂಟು-ಹತ್ತು ತಿಂಗಳಿಗೆ. 1948ರ ಜನವರಿಯಿಂದ ಹಿಂದಕ್ಕೆ ಎಣಿಸಿದರೆ ದೊಡ್ಡಪ್ಪ ಹುಟ್ಟಿದ್ದು 1947ರ ಮಾರ್ಚ್-ಮೇ ಸುಮಾರಿಗೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಕೂಡಿಸಿ ಬರೆದುಕೊಳ್ಳುವುದು ಆಗ ಮಾಮೂಲು, 1945 ಹಾಗೆ ಬಂದಿರಬೇಕು. 1944ರಲ್ಲಿ ಹದಿನಾರು ಅಂದರೆ ಅಜ್ಜಿ ಹುಟ್ಟಿದ್ದು 1928ರ ಆಸುಪಾಸು, ವಿಭವ ಸಂವತ್ಸರ. ಆಧಾರಿನ 1934 ನಿಜವಾದರೆ ಮದುವೆ ಹೊತ್ತಿಗೆ ಹತ್ತು, ಮೊದಲ ಹೆರಿಗೆಗೆ ಹದಿಮೂರು ಆಗಬೇಕಿತ್ತು, ಹೊಂದುವುದಿಲ್ಲ. ಮನೆಯವರ 96 ಸರಿ. ‘96 ತುಂಬಿತ್ತೋ ನಡೀತಿತ್ತೋ’ ಅನ್ನುವುದೊಂದು ಉಳಿಯುತ್ತದೆ. ಪುಸ್ತಕದಲ್ಲಿ ‘1928-29, ವಿಭವ ಸಂವತ್ಸರ, ಮನೆಯವರ ಲೆಕ್ಕ’ ಅಂತ ಬರೆಯಿರಿ. ಸುಳ್ಳು ದಿನಾಂಕ ಹಾಕಬೇಡಿ. ನಾಳೆ ಮರಿಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ದಾಖಲೆಯ ಕೆಲಸಕ್ಕೆ, ಅಂದರೆ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಇತ್ಯಾದಿಗೆ, ಮರಣ ಪ್ರಮಾಣಪತ್ರದಲ್ಲಿ ಇರುವುದೇ ನಡೆಯುತ್ತದೆ. ಅದನ್ನೂ ಇದನ್ನೂ ಬೆರೆಸಬೇಡಿ.

ಗೌರಿಬಿದನೂರು ಕಡೆಯವಳು:
ತವರಿನ ಕಡೆ ಹುಡುಕುವಾಗ ಒಂದು ವಿಷಯ ಜ್ಞಾಪಕ ಇರಲಿ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೆ ಮುಂಚಿನ ಕಾಗದದಲ್ಲೆಲ್ಲ ಗೌರಿಬಿದನೂರು ‘ಕೋಲಾರ ಜಿಲ್ಲೆ’. ಪುಸ್ತಕದಲ್ಲಿ ‘ಆಗಿನ ಕೋಲಾರ ಜಿಲ್ಲೆ’ ಅಂತಲೇ ಬರೆದರೆ ಮುಂದೆ ಹುಡುಕುವವರಿಗೆ ದಾರಿ ತಪ್ಪುವುದಿಲ್ಲ. ನಿಮ್ಮ ತುಮಕೂರು ಜಿಲ್ಲೆಯ ಹೆಸರು ಸಹ 2014ರ ನವೆಂಬರ್ 1ರವರೆಗೆ ಸರ್ಕಾರಿ ಇಂಗ್ಲಿಷಿನಲ್ಲಿ ‘ತುಮ್ಕೂರ್’.

ತವರೂರು ನಕ್ಷೆಯಲ್ಲಿ ಇದ್ದು ಹೋಗಿ ನೋಡಿದರೆ ಮನೆಗಳೇ ಇಲ್ಲ ಅನ್ನುವುದೂ ಉಂಟು. ಅಂಥ ಊರನ್ನು ರೆವಿನ್ಯೂ ದಾಖಲೆಯಲ್ಲಿ ಬೇಚಿರಾಕ್ ಗ್ರಾಮ ಅನ್ನುತ್ತಾರೆ. ಜನ ಪಕ್ಕದೂರಿಗೆ ಹೋಗಿರುತ್ತಾರೆ, ಸರ್ವೆ ನಂಬರು ಹಳೇ ಹೆಸರಿನಲ್ಲೇ ಇರುತ್ತದೆ. ಹಳೇ ಕೈಬರಹದ ಪಹಣಿ ಬೇಕೆಂದರೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಹಾಕಿ. ಕಂಪ್ಯೂಟರ್ ಪಹಣಿಯಲ್ಲಿ ಅಷ್ಟು ಹಿಂದಿನದು ಸಿಗದು. ಸರ್ವೆ ನಂಬರು ಗೊತ್ತಿಲ್ಲದೆ ಹೋದರೆ ಅಲೆದಾಟವೇ ಆಗುತ್ತದೆ, ಮೊದಲು ಗ್ರಾಮ ನಕ್ಷೆ ನೋಡಿ ನಂಬರು ಹಿಡಿಯಿರಿ.

ಇದೆಲ್ಲಕ್ಕಿಂತ ನನಗೆ ಆ ಟ್ರಂಕಿನ ಮೇಲೆ ಕಣ್ಣು. ಮದುವೆಯಲ್ಲಿ ಕೊಟ್ಟ ತಂಬಿಗೆ, ಕೊಳಗ, ಪರಾತದ ಕಂಠದ ಕೆಳಗೋ ತಳದಲ್ಲೋ ಚುಕ್ಕಿ ಚುಕ್ಕಿಯಾಗಿ ಅಕ್ಷರ ಹೊಡೆಸಿರುತ್ತಿದ್ದರು. ಕೊಟ್ಟವರ ಹೆಸರು, ಊರು, ಕೆಲವು ಸಲ ಸಂವತ್ಸರವೂ ಇರುತ್ತದೆ. ಲಗ್ನಪತ್ರಿಕೆ ಹರಿದರೂ ಹಿತ್ತಾಳೆ ಉಳಿಯುತ್ತದೆ. ಒಂದೊಂದನ್ನೂ ಮಗುಚಿ ನೋಡಿ. ಮುಯ್ಯಿ ಪುಸ್ತಕ ಸಿಕ್ಕರಂತೂ ಬಿಡಬೇಡಿ. ಯಾರು ಎರಡು ರೂಪಾಯಿ ಹಾಕಿದರು, ಯಾರು ಕುಪ್ಪಸದ ಕಣ ಕೊಟ್ಟರು ಅನ್ನುವ ಪಟ್ಟಿಯಲ್ಲಿ ಆ ಕಾಲದ ನೆಂಟಸ್ತನವೆಲ್ಲ ಇರುತ್ತದೆ.

ಶಿರಾ ಸೀಮೆ:
ಅಕ್ಕ, ಒಂದು ತಂಬಿಗೆ ಮೇಲೆ ಚುಕ್ಕಿ ಅಕ್ಷರ ಇರೋದು ನಿಜ! ಸವೆದುಹೋಗಿದೆ, ಓದಕ್ಕೆ ಆಗ್ತಿಲ್ಲ. ಹುಣಸೆಹಣ್ಣು ಹಾಕಿ ಬೆಳಗಲಾ?

ಕೋಲಾರ ಸ್ಟುಡಿಯೋ:
ಬೇಡ, ಬೆಳಗಬೇಡಿ. ಸವೆದ ಚುಕ್ಕಿಯ ಅಂಚು ಇನ್ನೂ ಸವೆಯುತ್ತದೆ, ಕುಳಿಯಲ್ಲಿ ಕೂತಿರುವ ಕರಿ ಹೋದರೆ ಇರುವ ಗುರುತೂ ಮಾಯ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಮೈದಾ ಹಿಟ್ಟನ್ನೋ ವಿಭೂತಿ ಪುಡಿಯನ್ನೋ ಬೆರಳಲ್ಲಿ ಮೆತ್ತಗೆ ತೀಡಿ. ಮೇಲಿನದನ್ನು ಅಂಗೈಯಲ್ಲಿ ಒರೆಸಿದರೆ ಕುಳಿಯಲ್ಲಿ ಬಿಳಿ ನಿಲ್ಲುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಾತ್ರೆಯ ಮೈಗೆ ತಾಕುವ ಹಾಗೆ ಪಕ್ಕದಿಂದ ಹಿಡಿಯಿರಿ. ನೇರ ಬೆಳಕಲ್ಲಿ ಹಿತ್ತಾಳೆ ಹೊಳೆದುಬಿಡುತ್ತದೆ, ಅಡ್ಡ ಬೆಳಕಲ್ಲಿ ಪ್ರತಿ ಚುಕ್ಕಿಗೂ ನೆರಳು ಬೀಳುತ್ತದೆ. ಎಡದಿಂದ, ಬಲದಿಂದ, ಮೇಲಿಂದ, ಹೀಗೆ ನಾಲ್ಕಾರು ಫೋಟೋ ತೆಗೆದು ಅಕ್ಕಪಕ್ಕ ಇಟ್ಟು ಓದಿ.

ಫೋಟೋಗಳ ವಿಷಯ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಹಳೇ ಫೋಟೋ ಮೇಲಿರುವುದು ಜೆಲಟಿನ್ ಪದರ, ತೇವ ಕುಡಿದು ಗಾಜಿಗೆ ಹತ್ತಿಕೊಂಡಿರುತ್ತದೆ. ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ, ಹೊರಗೆ ನೆರಳಿನಲ್ಲಿ, ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆ ಹಿಡಿಸಿ ತೆಗೆಯಿರಿ, ಪ್ರತಿಬಿಂಬ ಬರುವುದಿಲ್ಲ. ಅಂಟು ಹಾಳೆಯ ಆಲ್ಬಂ ಇದ್ದರೆ ಹಲ್ಲಿನ ಸಂದಿ ತಿಕ್ಕುವ ದಾರವನ್ನು ಫೋಟೋ ಅಡಿಗೆ ತೂರಿಸಿ ಗರಗಸದ ಹಾಗೆ ಆಡಿಸಿ ಬಿಡಿಸಿ. ಲ್ಯಾಮಿನೇಷನ್ ಮಾತ್ರ ಯಾವ ಕಾರಣಕ್ಕೂ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ.

ಮೂರೂವರೆ-ಐದು ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ) ಸ್ಕ್ಯಾನ್ ಮಾಡಿದರೆ ಪುಸ್ತಕದಲ್ಲಿ ಏಳು-ಹತ್ತು ಇಂಚಿನವರೆಗೆ ದೊಡ್ಡದು ಮಾಡಬಹುದು. ಪಾಸ್‌ಪೋರ್ಟ್ ಗಾತ್ರದ್ದಾದರೆ 1200. ನೆಂಟರಿಂದ ವಾಟ್ಸಾಪಿನಲ್ಲಿ ತರಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ ಅನ್ನಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಅಚ್ಚಿನಲ್ಲಿ ಮುಖ ಮಸಕು.

ಗುಂಪು ಫೋಟೋ ಮೇಲೆ ತೆಳು ಟ್ರೇಸಿಂಗ್ ಹಾಳೆ ಇಟ್ಟು, ಕೈ ಭಾರ ಬಿಡದೆ ತಲೆಗಳ ಗೆರೆ ಎಳೆದು ನಂಬರು ಕೊಡಿ. ಹಿರಿಯರಿಗೆ ತೋರಿಸಿ ನಂಬರಿಗೆ ಹೆಸರು ಬರೆಸಿ. ಇದು ಈ ವಾರವೇ ಆಗಲಿ. ಗುರುತು ಹಿಡಿಯಬಲ್ಲವರು ಇಬ್ಬರೋ ಮೂವರೋ ಇರುತ್ತಾರೆ, ಅವರೂ ಎಂಬತ್ತರ ಮೇಲಿನವರು. ಫೋಟೋ ಹಿಂದೆ ಬರೆಯುವುದಾದರೆ ಮೆತ್ತನೆ ಪೆನ್ಸಿಲ್, ಅಂಚಿನಲ್ಲಿ. ಬಾಲ್‌ಪೆನ್ ಒತ್ತು ಮುಂಭಾಗಕ್ಕೆ ಉಬ್ಬುತ್ತದೆ.

ಕ್ಯಾಸೆಟ್ ಹಾಕುವ ಮುಂಚೆ ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಕಿವಿ ಮುರಿಯಿರಿ, ಆಗ ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಒಳಗಿನ ಟೇಪಿನ ಹಿಂದೆ ಚಿಕ್ಕ ಉಣ್ಣೆಯ ತುಂಡು ಇರುತ್ತದೆ, ಅದು ಬಿದ್ದುಹೋಗಿದ್ದರೆ ಶಬ್ದ ಮಂಕಾಗಿ ಏರಿಳಿಯುತ್ತದೆ. ಹಾಡೇ ಹಾಳಾಗಿದೆ ಅಂದುಕೊಳ್ಳಬೇಡಿ, ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಟೇಪು ಬದಲಿಸಿದರೆ ಸರಿಹೋಗುತ್ತದೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ, ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲೆ ಹಾಡಿಸಿ. ಅಡಾಸಿಟಿ ಅನ್ನುವ ಧ್ವನಿಮುದ್ರಣದ ತಂತ್ರಾಂಶದಲ್ಲಿ ವೇವ್ ಫೈಲ್ ಆಗಿ ತುಂಬಿಸಿಕೊಳ್ಳಿ. ನಿಮಿಷಕ್ಕೆ ಹತ್ತು ಎಂಬಿ ಮೇಲೆ ಆಗುತ್ತದೆ, ಒಂದು ಕಡೆಯ 45 ನಿಮಿಷಕ್ಕೆ ಹತ್ತಿರ ಹತ್ತಿರ 480. ಮೂಲ ಫೈಲಿನ ಸದ್ದು ಶುದ್ಧಿ ಮಾಡಬೇಡಿ. ಹಿಂದೆ ಕೇಳುವ ಕರುವಿನ ಕೂಗು, ‘ಇನ್ನೊಂದು ಹೇಳವ್ವ’ ಅನ್ನುವ ದನಿ ಕೂಡ ಆ ಮನೆಯದೇ ಅಲ್ಲವೇ. ಶುದ್ಧಿ ಮಾಡುವುದೇನಿದ್ದರೂ ನಕಲಿನಲ್ಲಿ.

ಮಧುಗಿರಿ ವಂಶಾವಳಿ:
ವಂಶವೃಕ್ಷದ ಬಗ್ಗೆ ಯಾರೂ ಹೇಳಲಿಲ್ಲ, ಪುಸ್ತಕ ನಿಂತುಹೋಗುವುದು ಅಲ್ಲೇ. ನಾಡಕಚೇರಿಯಿಂದ ತಂದ ವಂಶವೃಕ್ಷ ವಾರಸುದಾರರಿಗೆ ಸಾಕು, ನಿಮ್ಮ ಕೆಲಸಕ್ಕೆ ಸಾಲದು. ಅಜ್ಜಿಯ ತವರಿನ ಕವಲು ಅದರಲ್ಲಿ ಇರುವುದೇ ಇಲ್ಲ.

ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತಂದಿರುವುದರಿಂದ ಮರ ಮರವಾಗಿ ಉಳಿಯುವುದಿಲ್ಲ, ಬಳ್ಳಿ ಸುತ್ತಿಕೊಂಡ ಹಾಗೆ ಆಗುತ್ತದೆ. ಅಜ್ಜಿಯ ಮಗಳನ್ನು ಅಜ್ಜಿಯ ತಮ್ಮನಿಗೇ ಕೊಟ್ಟಿದ್ದರೆ ಆ ಮನುಷ್ಯ ತಮ್ಮನೂ ಹೌದು, ಅಳಿಯನೂ ಹೌದು. ಎರಡು ಕಡೆ ಬರೆದರೆ ಇಬ್ಬರು ಅನ್ನಿಸುತ್ತದೆ, ಒಂದೇ ಕಡೆ ಬರೆದರೆ ಒಂದು ಸಂಬಂಧ ಕಳೆದುಹೋಗುತ್ತದೆ. ಒಬ್ಬರಿಗೆ ಒಂದೇ ನಂಬರು ಕೊಡಿ, ಎರಡು ಕಡೆ ಬಂದರೂ ಅದೇ ನಂಬರು. ಎರಡನೇ ಸಲ ಬಂದಾಗ ಮಕ್ಕಳನ್ನು ಮತ್ತೆ ಬರೆಯದೆ ‘14 ನೋಡಿ’ ಅಂತ ಬಿಟ್ಟುಬಿಡಿ.

ಇನ್ನೊಂದು ತೊಡಕು ಹೆಸರು. ಒಂದೇ ವಂಶದಲ್ಲಿ ನಾಲ್ಕು ಲಕ್ಷ್ಮಮ್ಮ, ಮೂರು ನರಸಮ್ಮ ಇರುತ್ತಾರೆ, ಮನೆದೇವರ ಹೆಸರಲ್ಲವೇ. ಮದುವೆಯಲ್ಲಿ ಹೆಸರು ಬದಲಿಸಿದ್ದಿದ್ದರೆ ತವರಿನ ಹೆಸರನ್ನೂ ಕೇಳಿ ಬರೆಯಿರಿ. ಮಾಹಿತಿ ಕೊಟ್ಟವರು ‘ಮಾವ’ ಅಂದರೆ ಅದು ಅವರಿಗೆ ಮಾವ, ಅಜ್ಜಿಗೆ ಭಾವಮೈದ ಇದ್ದಾನು. ‘ಹೇಳಿದವರು ಯಾರು, ಅವರಿಗೆ ಏನಾಗಬೇಕು’ ಅನ್ನುವ ಕಲಂ ಇಲ್ಲದ ಪಟ್ಟಿ ಮೂರು ದಿನಕ್ಕೆ ನಿಮಗೇ ಅರ್ಥವಾಗದು.

ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು ಅಂತ ಬೇರೆ ಬೇರೆ ಕೇಳಿ. ‘ಎಷ್ಟು ಮಕ್ಕಳು’ ಅಂದರೆ ಉಳಿದವರನ್ನು ಮಾತ್ರ ಹೇಳುತ್ತಾರೆ.

ಗೌರಿಬಿದನೂರು ಕಡೆಯವಳು:
ಅದನ್ನು ಪುಸ್ತಕಕ್ಕೆ ಹಾಕಬೇಕಾ? ತಿಥಿ ದಿನ ಕೈಗೆ ಬರುವ ಪುಸ್ತಕ. ಓದುವವರಿಗೆ ನೋವಾಗುತ್ತದೆ.

ಮಧುಗಿರಿ ವಂಶಾವಳಿ:
ಹಾಕಲೇಬೇಕು ಅನ್ನುತ್ತೇನೆ ತಾಯಿ. ಹೆಸರಿಟ್ಟ ಕೂಸು, ತೊಟ್ಟಿಲಿಗೆ ಹಾಕಿದ ಕೂಸು ಅದು. ಎರಡು ಮಕ್ಕಳ ನಡುವೆ ಐದು ವರ್ಷ ಅಂತರ ಇದ್ದರೆ ಹೆಚ್ಚಾಗಿ ಅಲ್ಲೊಂದು ಕೂಸು ಹೋಗಿರುತ್ತದೆ. ಅದನ್ನು ಬಿಟ್ಟು ಬರೆದರೆ ಅಜ್ಜಿ ಪಟ್ಟ ಪಾಡಿನ ಅರ್ಧವನ್ನೇ ಬಿಟ್ಟಹಾಗೆ. ವಿವರ ಬೇಡ. ಸಾಲಿನಲ್ಲಿ ಹೆಸರು, ಎಷ್ಟು ದಿನ ಇತ್ತು, ಅಷ್ಟು ಸಾಕು. ಆಸ್ತಿ ಜಗಳ, ಮಾತು ಬಿಟ್ಟಿದ್ದು ಇಂಥವನ್ನು ಧಾರಾಳವಾಗಿ ಬಿಡಬಹುದು.

ಗೌರಿಬಿದನೂರು ಕಡೆಯವಳು:
ಒಪ್ಪಿದೆ. ಆದರೆ ಕೇಳುವಾಗ ಮನೆಯ ಹೆಣ್ಣುಮಕ್ಕಳೇ ಕೇಳಲಿ, ಫೋನಿನಲ್ಲಿ ಬೇಡ, ಎದುರಿಗೆ ಕೂತು.

ಚಿಂತಾಮಣಿ ಅಡುಗೆಮನೆ:
ಅಡುಗೆ ಪುಟಕ್ಕೆ ನಾಲ್ಕೇ ಅಡುಗೆ ಆರಿಸಿಕೊಳ್ಳಿ, ಅಳತೆ ಪೂರ್ತಿ ಕೊಡಿ. ‘ರುಚಿಗೆ ತಕ್ಕಷ್ಟು’ ಅಂತ ಬರೆದರೆ ಅಜ್ಜಿಯ ರುಚಿ ಎಲ್ಲಿ ಸಿಕ್ಕಿತು?

ಅಜ್ಜಿಯ ಕೈಕೆಳಗೆ ಅತಿ ಹೆಚ್ಚು ವರ್ಷ ಅಡುಗೆ ಮಾಡಿದ ಸೊಸೆಯನ್ನು ಒಲೆ ಮುಂದೆ ನಿಲ್ಲಿಸಿ, ಒಂದು ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಅವರಿಗೆ ಅಳೆದು ಹಾಕಿ ಅನ್ನಬೇಡಿ, ಅಳೆಯಲು ಹೋದರೆ ಕೈ ತಪ್ಪುತ್ತದೆ. ಉಪ್ಪಿನ ಬಟ್ಟಲು, ಖಾರದ ಪುಡಿ ಡಬ್ಬಿ, ಹುಣಸೆ, ಕಾಯಿತುರಿ ಎಲ್ಲವನ್ನೂ ಮೊದಲೇ ತೂಗಿ ಬರೆದುಕೊಳ್ಳಿ. ಅವರ ಪಾಡಿಗೆ ಅವರು ಮಾಡಲಿ. ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆ ಆದದ್ದೇ ಅಳತೆ. ಇಬ್ಬರು ಸೊಸೆಯರಿಂದ ಬೇರೆ ಬೇರೆ ದಿನ ಮಾಡಿಸಿದರೆ ಎಲ್ಲಿ ಒಂದೇ ಬರುತ್ತದೋ ಅದು ಅಜ್ಜಿಯದು, ಎಲ್ಲಿ ಬೇರೆಯಾಗುತ್ತದೋ ಅದು ಅವರವರ ಕೈ.

ಅಜ್ಜಿ ಬಳಸುತ್ತಿದ್ದ ಪಾವು, ಚಟಾಕು ಮನೆಯಲ್ಲಿದ್ದರೆ ನೀರು ತುಂಬಿ ತೂಗಿ, ಎಷ್ಟು ಗ್ರಾಂ ನೀರೋ ಅಷ್ಟು ಮಿಲಿಲೀಟರ್. ಪುಸ್ತಕದ ಲೆಕ್ಕದ ಪಾವಿಗೂ ಮನೆಯ ಪಾವಿಗೂ ವ್ಯತ್ಯಾಸ ಇರುತ್ತದೆ, ಮನೆಯದನ್ನೇ ನಂಬಿ. ಕಲ್ಲುಪ್ಪೋ ಪುಡಿಯುಪ್ಪೋ ಬರೆಯಲೇಬೇಕು. ಒಂದು ಚಮಚ ಕಲ್ಲುಪ್ಪಿಗಿಂತ ಒಂದು ಚಮಚ ಪುಡಿಯುಪ್ಪು ತೂಕ ಜಾಸ್ತಿ, ಸಾರು ಉಪ್ಪಾಗುವುದು ಹೀಗೇ. ಹುಣಸೆ ಹಳೆಯದೋ ಹೊಸದೋ, ಮಸಾಲೆ ಒರಳಲ್ಲೋ ಮಿಕ್ಸಿಯಲ್ಲೋ, ಅದೂ ಬೇಕು. ಒರಳಲ್ಲಿ ರುಬ್ಬಿದ್ದು ಸ್ವಲ್ಪ ತರಿಯಾಗಿರುತ್ತದೆ, ಹಿತಕಬೇಳೆ ಸಾರಿನ ಮೈ ಬರುವುದು ಆ ತರಿಯಿಂದ. ಮಿಕ್ಸಿಯಲ್ಲಾದರೆ ನೀರು ಕಡಿಮೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ.

ಈಗ ಡಿಸೆಂಬರ್, ಸೊಗಡಿನ ಅವರೆ ಬರುತ್ತಿದೆ. ಹಿತಕಬೇಳೆ ಅಳತೆ ಹಿಡಿಯುವುದಿದ್ದರೆ ಸಂಕ್ರಾಂತಿಯೊಳಗೆ ಮಾಡಿ, ಫೆಬ್ರುವರಿಗೆ ಕಾಳು ಬಲಿತು ಸೊಗಡು ಹೋಗಿರುತ್ತದೆ. ಮುದ್ದೆಯನ್ನು ಬಿಡಬೇಡಿ, ‘ಅದೇನು ಎಲ್ಲರಿಗೂ ಗೊತ್ತು’ ಅನ್ನಬೇಡಿ, ಮರಿಮಕ್ಕಳಿಗೆ ಗೊತ್ತಿಲ್ಲ. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು, ನೀರು ಕೊತಕೊತ ಕುದಿಯುವಾಗ ಹಿಟ್ಟು ಗುಡ್ಡೆಯಾಗಿ ಬಿಟ್ಟು, ನಡುವೆ ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೆಂದ ಮೇಲೆ ತಿರುವುವುದು. ಬೇಯುವ ಮುಂಚೆ ತಿರುವಿದರೆ ಗಂಟು, ಹಸಿ ವಾಸನೆ.

ಪಾವಗಡ ಪದ:
ಕ್ಯಾಸೆಟ್ಟಿನ ಹಾಡು ಬರೆದಿಳಿಸುವಾಗ ಭಾಷೆ ತಿದ್ದಬೇಡಿ. ‘ಬಂದವ್ಳೆ’ ಅಂತ ಹಾಡಿದ್ದರೆ ‘ಬಂದಿದ್ದಾಳೆ’ ಮಾಡಿದರೆ ಮಾತ್ರೆ ಕೆಟ್ಟು ಹಾಡಲಿಕ್ಕೇ ಬರುವುದಿಲ್ಲ. ಸಾಲು ಒಡೆಯಬೇಕಾದ್ದು ಉಸಿರು ನಿಂತಲ್ಲಿ. ರಾಗಿ ಬೀಸುವ ಪದವಾದರೆ ಕಲ್ಲಿನ ಸುತ್ತಿಗೂ ಸಾಲಿಗೂ ಲೆಕ್ಕ ಇರುತ್ತದೆ. ಕೂತು ಹಾಡಿದ್ದಾರೋ ಬೀಸುತ್ತಾ ಹಾಡಿದ್ದಾರೋ ಅಂತ ಅಡಿಯಲ್ಲಿ ಬರೆಯಿರಿ. ಸೋಬಾನೆಯಾದರೆ ಯಾವ ಶಾಸ್ತ್ರಕ್ಕೆ ಅನ್ನುವುದು ಮುಖ್ಯ: ಅರಿಶಿಣಕ್ಕಾ, ಹಸೆಗಾ, ಹೆಣ್ಣು ಒಪ್ಪಿಸುವಾಗಲಾ.

ಗೌರಿಬಿದನೂರು ತವರು ಅಂದಮೇಲೆ ತೆಲುಗು ಹಾಡೂ ಇದ್ದೀತು. ಕನ್ನಡ ಲಿಪಿಯಲ್ಲೇ ಬರೆಯಿರಿ, ಕೆಳಗೆ ಕನ್ನಡ ಅರ್ಥ ಕೊಡಿ. ತೆಲುಗಿನ ಚ, ಜ ಕೆಲವು ಕಡೆ ಹಲ್ಲಿಗೆ ತಾಕಿಸಿ ನುಡಿಯುವಂಥವು, ಅದಕ್ಕೆ ಕನ್ನಡದಲ್ಲಿ ಬೇರೆ ಅಕ್ಷರ ಇಲ್ಲ, ಅಡಿಗೆರೆ ಎಳೆದು ಗುರುತಿಸಿ. ಕೊನೆಯಲ್ಲಿ ನಾರೇಯಣ ಅಂತ ಅಂಕಿತ ಬಂದರೆ ಅದು ಕೈವಾರ ತಾತಯ್ಯನವರ ಪದ, ‘ಅಜ್ಜಿ ಕಟ್ಟಿದ ಹಾಡು’ ಅಂತ ಹಾಕಿಬಿಡಬೇಡಿ. ಅಜ್ಜಿ ಅದನ್ನು ಯಾರ ಬಾಯಿಂದ ಕಲಿತರು ಅನ್ನುವುದು ಸಿಕ್ಕರೆ ಅದೇ ದೊಡ್ಡ ವಿಷಯ.

ತುಮಕೂರು ಡಿಟಿಪಿ:
ಅಚ್ಚಿನ ಕಡೆಯಿಂದ ನಾಲ್ಕು ಮಾತು. ಮೊದಲು ದಿನದ ಲೆಕ್ಕ. ತಿಥಿ ಪ್ರಕಾರ ಮಾಡುವವರಾದರೆ ತೀರಿಕೊಂಡ ತಾರೀಖಿಗೆ ಬರುವುದಿಲ್ಲ, 2026ರಲ್ಲಿ ಸುಮಾರು ಹನ್ನೊಂದು ದಿನ ಮುಂಚೆಯೇ ಬರುತ್ತದೆ. ಪುರೋಹಿತರನ್ನು ಕೇಳಿ ಗಟ್ಟಿ ಮಾಡಿಕೊಂಡು, ಅದಕ್ಕೆ ಮೂರು ವಾರ ಮುಂಚೆ ಫೈಲು ಕೊಡಿ. ಯುಗಾದಿ ಸಮಯ, ಲಗ್ನಪತ್ರಿಕೆಗಳ ಗಲಾಟೆಯಲ್ಲಿ ಪ್ರೆಸ್ ಖಾಲಿ ಇರುವುದಿಲ್ಲ.

48 ಪುಟ ಒಳ್ಳೆ ಆಯ್ಕೆ, ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ನಾಲ್ಕರಿಂದ ಭಾಗವಾಗಬೇಕು. 64 ದಾಟಿದರೆ ಮಡಿಕೆ ಉಬ್ಬಿ ಒಳಪುಟಗಳು ಹೊರಗೆ ಚಾಚುತ್ತವೆ. ಒಳಗೆ 80 ಜಿಎಸ್ಎಂ (ಕಾಗದದ ದಪ್ಪ ಹೇಳುವ ತೂಕದ ಲೆಕ್ಕ) ಮ್ಯಾಪ್ಲಿಥೋ, ಅಂದರೆ ಹೊಳಪಿಲ್ಲದ ಮಾಮೂಲು ಅಚ್ಚಿನ ಕಾಗದ, ಫೋಟೋ ಪುಟಗಳಿಗೆ 130ರ ಆರ್ಟ್ ಪೇಪರ್, ರಕ್ಷಾಪುಟ 300. ಫೋಟೋಗಳನ್ನೆಲ್ಲ ನಡುವಿನ ಎಂಟು ಪುಟಕ್ಕೆ ಸೇರಿಸಿದರೆ ಖರ್ಚು ಇಳಿಯುತ್ತದೆ. ಅಕ್ಷರ 14 ಪಾಯಿಂಟ್, ಓದುವವರಲ್ಲಿ ಕನ್ನಡಕದವರೇ ಹೆಚ್ಚು.

ಒಬ್ಬರು ಹಳೇ ‘ನುಡಿ’ ತಂತ್ರಾಂಶದಲ್ಲಿ, ಒಬ್ಬರು ‘ಬರಹ’ ತಂತ್ರಾಂಶದಲ್ಲಿ, ಒಬ್ಬರು ಫೋನಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಎಲ್ಲವನ್ನೂ ಯೂನಿಕೋಡಿಗೆ ತಂದಮೇಲೆ ಅರ್ಕಾವತ್ತು, ಒತ್ತಕ್ಷರ ಒಂದೊಂದಾಗಿ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಅವೇ, ಅದೂ ಹೆಸರುಗಳಲ್ಲಿ. ಪಿಡಿಎಫ್ ಮಾಡುವಾಗ ಫಾಂಟ್ ಒಳಗೇ ಸೇರಿಸಿ, ಇಲ್ಲದಿದ್ದರೆ ನಮ್ಮ ಯಂತ್ರದಲ್ಲಿ ತೆಗೆದಾಗ ಬೇರೆಯೇ ಕಾಣುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ, ಮನೆಯ ಹಿರಿಯರೊಬ್ಬರ ಮುಂದೆ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿ. ಕಣ್ಣಿಗೆ ಬೀಳದ ತಪ್ಪು ಕಿವಿಗೆ ಬೀಳುತ್ತದೆ.

ಶಿರಾ ಸೀಮೆ:
ಎಲ್ಲರಿಗೂ ಕೈಮುಗಿದೆ. ಕೋಲಾರದ ಅಣ್ಣ ಹೇಳಿದ ಹಾಗೆ ವಿಭೂತಿ ತೀಡಿ ಟಾರ್ಚ್ ಹಿಡಿದೆವು. ತಂಬಿಗೆಯ ಕಂಠದ ಕೆಳಗೆ ‘ತಾರಣ ಸಂ. ವೈ. ಶು.’ ಅಂತ ಸ್ಪಷ್ಟವಾಗಿ ಬಂತು. ಅದರ ಮುಂದೆ ಒಂದು ಅಂಕಿ, 5 ಇರಬಹುದು, 6 ಇರಬಹುದು. ಕೆಳಗಿನ ಸಾಲಿನಲ್ಲಿ ‘ಸೋದರತ್ತೆ’ ಅಂತ ಇದೆ, ಹೆಸರಿನ ಜಾಗ ನೆಗ್ಗಿದೆ.

ಹಳೇ ಕಡತ:
ವೈಶಾಖ ಶುದ್ಧ! ಹಾಗಾದರೆ ಮದುವೆ 1944ರ ಬೇಸಿಗೆ, 1945 ಅಲ್ಲ. ಆ ಅಂಕಿಗೆ ಲಗ್ನಪತ್ರಿಕೆಯ ವಾರ ಬೇಕು. ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸೋದರತ್ತೆ ಯಾರೆಂದು ತವರಿನ ಕಡೆ ಬದುಕಿರುವ ಹಿರಿಯರಲ್ಲಿ ಕೇಳಿ, ತಂಬಿಗೆಯನ್ನೇ ಕೈಲಿ ಹಿಡಿದುಕೊಂಡು ಹೋಗಿ.

ಶಿರಾ ಸೀಮೆ:
ಭಾನುವಾರ ಗೌರಿಬಿದನೂರಿಗೆ ಹೊರಟಿದ್ದೇವೆ. ತಂಬಿಗೆ, ಟ್ರೇಸಿಂಗ್ ಹಾಳೆ, ಪೆನ್ಸಿಲ್ ಚೀಲಕ್ಕೆ ಹಾಕಿದ್ದೇನೆ.